ಗುಳಿಗೆಗೆ ಬಿಡುವು

ನನ್ನ ಅತ್ತೆಯ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಊಟದ ತಟ್ಟೆಯಲ್ಲಿ. ಪೆದ್ದೆಮುಲ್ ಹತ್ತಿರದ ಊರಿನಲ್ಲಿ ಅವರದು ತೊಗರಿ, ಜೋಳದ ಹೊಲ. ನನ್ನ ಮೈದುನನ ಸಂಸಾರದ ಜೊತೆ ಅಲ್ಲೇ ಇದ್ದರು. ಕೆಲಸದ ದಿನ ಮೂರು ಜೋಳದ ರೊಟ್ಟಿ ತಿಂದು, ಮೇಲೊಂದು ಚರಿಗೆ ಮಜ್ಜಿಗೆ ಕುಡಿದು ಏಳುವ ಹೆಂಗಸು. ಒಮ್ಮೆ ತಾಂಡೂರಿನ ನಮ್ಮ ಮನೆಗೆ ಬಂದವರು ಅರ್ಧ ರೊಟ್ಟಿಗೇ ಕೈ ತೊಳೆದರು. ಹೊಟ್ಟೆ ತುಂಬಿತು ಅಂದರು. ಮಾತಾಡುವಾಗೆಲ್ಲ ಎಡಗೈ ಪಕ್ಕೆಯ ಕೆಳಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಸೀರೆಯ ನೆರಿಗೆ ಯಾವಾಗಲೂ ಬಿಗಿಯಾಗಿ ಸಿಕ್ಕಿಸುವವರು ಅವತ್ತು ಸಡಿಲ ಬಿಟ್ಟಿದ್ದರು. ಮುಟ್ಟಿ ನೋಡಲೇ ಎಂದು ಕೇಳಿ, ಅವರು ಕೈ ತೆಗೆದ ಜಾಗದಲ್ಲಿ ನನ್ನ ಬೆರಳಿಟ್ಟೆ. ಒಳಗೆ ಏನೋ ಗಟ್ಟಿಯಾಗಿ, ಪರಾತದ ಅಂಚು ತಾಗಿದ ಹಾಗೆ ತಾಗಿತು.

ಅದು ಗುಲ್ಮ, ಊದಿಕೊಂಡಿದೆ ಅಂದರು ತಾಂಡೂರಿನ ಡಾಕ್ಟರು. ರಕ್ತ ಪರೀಕ್ಷೆ ಮಾಡಿಸಿ, ಕಾಗದ ನೋಡಿ, ನನ್ನ ಗಂಡನನ್ನು ಪಕ್ಕಕ್ಕೆ ಕರೆದು ಹೈದರಾಬಾದಿಗೆ ಕರೆದುಕೊಂಡು ಹೋಗಿ ಎಂದರು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಎಲುಬಿನ ಒಳಗಿನ ಮಜ್ಜೆ ತೆಗೆದು ನೋಡಿ ಹೇಳಿದ್ದು, ರಕ್ತದ ಕ್ಯಾನ್ಸರು, ನಿಧಾನವಾಗಿ ಬೆಳೆಯುವ ಜಾತಿಯದು ಎಂದು.

ಅಲ್ಲಿನ ಡಾಕ್ಟರು ಅಂಗಿಯ ತೋಳು ಮಡಿಸಿಕೊಂಡು, ದಖನಿ ಉರ್ದುವಿನಲ್ಲಿ ಮನೆಯವರ ಹಾಗೆ ಮಾತಾಡುವವರು. ಅತ್ತೆಗೂ ಸಂತೆಯ ದಖನಿ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಅವರಿಬ್ಬರ ನಡುವೆ ನಾನು ದುಭಾಷಿ ಆಗಬೇಕಾಗಿರಲಿಲ್ಲ. ಆ ಮಾತುಗಳನ್ನು ಇಲ್ಲಿ ನಮ್ಮ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಿಂದೆ ಈ ರೋಗಕ್ಕೆ ಮಾಡುವುದು ಹೆಚ್ಚೇನೂ ಇರಲಿಲ್ಲ, ಈಗ ಇದೆ ಎಂದು ಅವರು ಹೇಳಿದರು. ಒಳಗೆ ಒಂದು ಕೆಟ್ಟ ಸ್ವಿಚ್ಚು ಹಾಕಿದ್ದು ಹಾಕಿದಂತೆಯೇ ಇದೆ, ಅದಕ್ಕೇ ಬಿಳಿ ಕಣಗಳು ಹುಟ್ಟುತ್ತಲೇ ಇವೆ. ಈ ಗುಳಿಗೆ ಮೈಗೆಲ್ಲ ಬೆಂಕಿ ಹಾಕುವ ಹಳೆಯ ಔಷಧಿಯ ಹಾಗಲ್ಲ, ನೇರವಾಗಿ ಹೋಗಿ ಆ ಸ್ವಿಚ್ಚಿನ ಸಂದಿಯಲ್ಲಿ ಕೂತು ಅದನ್ನು ಆರಿಸುತ್ತದೆ. ದಿನಕ್ಕೊಂದು, ಊಟದ ಜೊತೆ, ತುಂಬಿದ ಲೋಟ ನೀರಿನಲ್ಲಿ. ಕೂದಲು ಉದುರುವುದಿಲ್ಲ, ಆಸ್ಪತ್ರೆಯಲ್ಲಿ ಮಲಗುವುದಿಲ್ಲ.

ಅತ್ತೆ ಕೇಳಿದ್ದು ಒಂದೇ, ಹೊಲಕ್ಕೆ ಹೋಗಬಹುದೋ ಇಲ್ಲವೋ ಎಂದು. ಹೋಗಬಹುದು ಅಂದರು.

ನಾನು ಜಹೀರಾಬಾದಿನವಳು, ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿದವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ದಖನಿ ಮತ್ತು ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಓದಲು ಬರೆಯಲು ಕಲಿಸಿದ್ದು ನನ್ನ ತಾಯಿ. ಔಷಧಿಯ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂತಿರುತ್ತದಲ್ಲ ಸಣ್ಣ ಅಕ್ಷರದ ಚೀಟಿ, ಅದನ್ನು ನಾನು ಬಿಡಿಸಿ ಪೂರ್ತಿ ಓದಿದೆ. ಅತ್ತೆ ಎದುರಿಗೆ ಕೂತು ತೊಗರಿ ಬೇಳೆ ಹಸನು ಮಾಡುತ್ತಾ, ಪರೀಕ್ಷೆ ಯಾವಾಗ ಅದ ಅಂತ ಕೇಳಿದರು. ನಾನು ನಕ್ಕೆ. ಆ ಚೀಟಿಯನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಲು ಇವತ್ತಿಗೂ ನನಗೆ ಬಂದಿಲ್ಲ.

ಗುಳಿಗೆ ತನ್ನ ಕೆಲಸ ಮಾಡಿತು. ಕೆಲವು ವಾರಗಳಲ್ಲಿ ಪಕ್ಕೆಯ ಗಟ್ಟಿ ಕರಗಿತು. ಕಣ್ಣಿನ ಸುತ್ತ ಸ್ವಲ್ಪ ಊದಿಕೊಂಡದ್ದು, ಆಗಾಗ ಮೀನಖಂಡ ಸೆಳೆಯುವುದು ಬಿಟ್ಟರೆ ಅತ್ತೆ ಹಿಂದಿನ ಅತ್ತೆಯೇ ಆದರು. ಮೂರು ರೊಟ್ಟಿ, ಮಜ್ಜಿಗೆ. ತಿಂಗಳುಗಟ್ಟಲೆ ರಕ್ತದ ಪರೀಕ್ಷೆಗಳೆಲ್ಲ ಚೆನ್ನಾಗಿ ಬಂದವು. ನಾವೂ ಅದು ಕ್ಯಾನ್ಸರು ಎಂಬುದನ್ನೇ ಮರೆತಂತೆ ಇದ್ದೆವು. ಅತ್ತೆಯ ಗುಳಿಗೆ ಅನ್ನುತ್ತಿದ್ದೆವು, ಬಿ.ಪಿ. ಗುಳಿಗೆ ಅಂದ ಹಾಗೆ.

ಪ್ರತ್ಯೇಕ ತೆಲಂಗಾಣದ ಹೋರಾಟ ಕಾವೇರಿದ್ದ ವರ್ಷಗಳು ಅವು. ನನ್ನ ಗಂಡ ಸರ್ಕಾರಿ ಶಾಲೆಯ ಮಾಸ್ತರು. ಮುಷ್ಕರ ಬಂತೆಂದರೆ ಶಾಲೆ ಬಂದ್, ಅವರು ಬೆಳಿಗ್ಗೆ ಧರಣಿಯ ಟೆಂಟಿಗೆ ಹೋಗಿ ಕೂತು ಮಧ್ಯಾಹ್ನ ಗಂಟಲು ಕಟ್ಟಿಕೊಂಡು ಬರುತ್ತಿದ್ದರು. ತಾಂಡೂರಿನ ಕಲ್ಲಿನ ಕಾರ್ಖಾನೆಗಳು ನಿಂತ ದಿನ ಊರಿನಲ್ಲಿ ಒಂದು ವಿಚಿತ್ರ ಆಗುತ್ತಿತ್ತು. ನಮ್ಮ ಬೀದಿಯ ಬೇವಿನ ಗಿಡಗಳು ಯಾವಾಗಲೂ ಕಲ್ಲಿನ ಪುಡಿ ಹೊತ್ತು ಬೂದಿಬಣ್ಣಕ್ಕೆ ಇರುತ್ತವೆ. ಬಂದ್ ಎರಡು ಮೂರು ದಿನ ಎಳೆದು ನಡುವೆ ಒಂದು ಮಳೆ ಬಿದ್ದರೆ ಅವುಗಳಿಗೂ ಹಸಿರು ಬಣ್ಣ ಇದೆ ಅಂತ ಗೊತ್ತಾಗುತ್ತಿತ್ತು. ನಾನು ಒಗೆದ ಬಟ್ಟೆಯನ್ನು ಧೈರ್ಯವಾಗಿ ಹೊರಗೆ ಹರವುತ್ತಿದ್ದೆ.

ಅಂಥ ಒಂದು ಬಂದ್ ಮುಗಿದ ವಾರದಲ್ಲಿ ಅತ್ತೆಯ ರಕ್ತದ ಪರೀಕ್ಷೆ ಬಂತು. ಬಿಳಿ ಕಣ ಏರಿತ್ತು. ಮೊದಲಿನಷ್ಟಲ್ಲ, ಆದರೆ ಏರಿತ್ತು. ಪಕ್ಕೆಯ ಕೆಳಗೆ ಬೆರಳಿಟ್ಟರೆ ಮತ್ತೆ ಆ ಅಂಚು ತುಸು ತುಸು ತಾಗುತ್ತಿತ್ತು. ಮೂವರೂ ಹೈದರಾಬಾದಿಗೆ ರೈಲು ಹತ್ತಿದೆವು.

ಡಾಕ್ಟರು ಕಾಗದವನ್ನು ಮೇಜಿನ ಮೇಲಿಟ್ಟು, ಗುಳಿಗೆ ತಪ್ಪಿಸಿದ್ದಾರೆಯೇ ಎಂದು ನನ್ನನ್ನು ಕೇಳಿದರು. ಇಲ್ಲ, ಅತ್ತೆ ಯಾವುದನ್ನೂ ಮರೆಯುವವರಲ್ಲ ಎಂದೆ. ಅದು ನಿಜವೂ ಹೌದು. ಯಾವ ಮೊಮ್ಮಗುವಿಗೆ ಯಾವ ಹಲ್ಲು ಮೊದಲು ಬಂತು ಎಂಬುದೂ ಅವರಿಗೆ ನೆನಪಿರುತ್ತದೆ.

ಅತ್ತೆ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದರು. ಒಳ್ಳೆಯ ಸುದ್ದಿ ಹೇಳುವವರ ಮುಖ ಅದು.

"ಮರ್ತಿಲ್ರಿ ಸಾಬ್ರ," ಅಂದರು. "ಬಿಡುವು ಕೊಟ್ಟೀನಿ."

ಹಾಗೆಂದು ಸೊಂಟದಿಂದ ಎಲೆಯಡಿಕೆಯ ಚಂಚಿ ತೆಗೆದು, ಅದರ ಒಂದು ಮಡಿಕೆಯಿಂದ ಗುಳಿಗೆಯ ಹಾಳೆಗಳನ್ನು ಹೊರಗೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಸುಣ್ಣದ ಡಬ್ಬಿಯ ಪಕ್ಕ ಇದ್ದದ್ದರಿಂದ ಹಾಳೆಗಳ ಅಂಚಿಗೆಲ್ಲ ಬಿಳಿ ಮೆತ್ತಿತ್ತು. ಉಳಿಸಿದ್ದೇನೆ, ಬೇರೆ ಬಡವರಿಗೆ ಆಗುತ್ತದೆ, ವಾಪಸು ತೆಗೆದುಕೊಳ್ಳಿ ಎಂದರು. ನನ್ನ ಗಂಡ ಆ ಹಾಳೆಗಳನ್ನು ನೋಡುತ್ತಾ ನಿಂತೇಬಿಟ್ಟರು.

ಆಮೇಲೆ ಅತ್ತೆ ಡಾಕ್ಟರಿಗೆ ವಿವರಿಸಿದ ಸಂಗತಿ ನಮ್ಮ ಕಡೆಯ ತೊಗರಿಯವರಿಗೆಲ್ಲ ಗೊತ್ತಿರುವುದೇ. ತೊಗರಿ ಕಾಯಿ ಕೊರೆಯುವ ಹಸಿರು ಹುಳಕ್ಕೆ ಹಳ್ಳಿಯಲ್ಲಿ ಕೀಡಿ ಅನ್ನುತ್ತಾರೆ, ಅದನ್ನು ಕೊಲ್ಲಲು ಹೊಡೆಯುವ ಔಷಧಿಗೆ ಎಣ್ಣೆ ಅನ್ನುತ್ತಾರೆ. ಮೊದಲು ಒಂದು ಎಣ್ಣೆ ಬಂತು, ಹೊಡೆದ ಮರುದಿನ ಹುಳವೆಲ್ಲ ನೆಲಕ್ಕೆ. ನಾಲ್ಕಾರು ಸುಗ್ಗಿ ಆದ ಮೇಲೆ ಅದೇ ಎಣ್ಣೆಗೆ ಹುಳ ಸಾಯಲಿಲ್ಲ. ಕಡೆಗೆ ಗಿಡದ ಕೆಳಗೆ ಹಳೆಯ ಸೀರೆ ಹಾಸಿ, ಗಿಡ ಹಿಡಿದು ಅಲುಗಿಸಿ, ಉದುರಿದ ಹುಳ ಕೂಡಿಸಿ ಸುಟ್ಟದ್ದೂ ಉಂಟು. ನಾನೇ ಮದುವೆಯಾದ ಹೊಸದರಲ್ಲಿ ಆ ಸೀರೆಯ ಒಂದು ಸೆರಗು ಹಿಡಿದು ಸಾಲು ಸಾಲು ನಡೆದಿದ್ದೇನೆ. ಮೈಮೇಲೆ ಹುಳ ಬಿದ್ದಾಗ ಕೂಗದೆ ಇರಲು ಬಹಳ ಕಷ್ಟಪಟ್ಟಿದ್ದೆ.

"ಒಂದೇ ಎಣ್ಣಿ ಹೊಡಕೋತ ಹ್ವಾದ್ರ ಕೀಡಿಗಿ ರೂಢಿ ಆಗ್ತದ. ಆಮ್ಯಾಗ ಅದನ್ನ ಕುಡದು ಕುಣೀತದ. ಈ ರೋಗಾನೂ ಹಂಗೇ ಅಲ್ಲೇನ್ರಿ? ಅದಕ್ಕ ಅಮಾಸಿಗೊಮ್ಮೆ ಎಂಟ್ಹತ್ತು ದಿನ ಬಿಡ್ತೀನಿ. ಈ ಗುಳಿಗಿ ಎಂಥಾದು ಅಂಬೋದು ಅದಕ್ಕ ಮರತು ಹೋಗ್ಲಿ ಅಂತ."

ಎಂದಿನಿಂದ ಎಂದು ಡಾಕ್ಟರು ಕೇಳಿದರು. ಹೋದ ವರ್ಷ ತೊಗರಿ ಹೂ ಬಿಟ್ಟಾಗಿನಿಂದ ಅಂದರು ಅತ್ತೆ.

ಡಾಕ್ಟರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ನೀವು ಅಂಜಿದ್ದು ಸರಿಯಾದದ್ದಕ್ಕೇ, ನಾವೂ ಅದಕ್ಕೇ ಅಂಜುತ್ತೇವೆ ಎಂದರು. ರೋಗದ ಕಣಗಳಲ್ಲಿ ಕೆಲವು ತಮ್ಮ ಆಕಾರ ಬದಲಿಸಿಕೊಳ್ಳುತ್ತವೆ, ಗುಳಿಗೆಗೆ ಬಗ್ಗುವುದಿಲ್ಲ. ಆದರೆ ಬಿಡುವು ಕೊಟ್ಟರೆ ಅವು ಮರೆಯುವುದಿಲ್ಲ, ಆ ದಿನಗಳಲ್ಲಿ ಮರಿ ಹಾಕುತ್ತವೆ. ಎಷ್ಟು ಮರಿಯೋ ಅಷ್ಟು ಹೊಸ ಆಕಾರ. ಇದು ಬಿಡುವಿನಿಂದಲೇ ಆಯಿತೋ, ಬಿಡುವಿಲ್ಲದಿದ್ದರೂ ಆಗುತ್ತಿತ್ತೋ, ಅದನ್ನು ಯಾರೂ ಹೇಳಲಾರರು, ಆ ಮಾತು ಬೇಡ. ಈಗ ರಕ್ತವನ್ನು ಒಂದು ವಿಶೇಷ ಪರೀಕ್ಷೆಗೆ ಕಳಿಸುತ್ತೇನೆ. ಆಕಾರ ಬದಲಾಗಿಲ್ಲದಿದ್ದರೆ ಇದೇ ಗುಳಿಗೆ ದಿನವೂ ತಪ್ಪದೆ ತೆಗೆದುಕೊಂಡರೆ ಸಾಕು. ಬದಲಾಗಿದ್ದರೆ ಆ ಆಕಾರಕ್ಕೆ ತಕ್ಕ ಬೇರೆ ಗುಳಿಗೆ ಇದೆ. ಫಲಿತಾಂಶ ಬರುವ ತನಕ ಒಂದು ದಿನವೂ ಬಿಡಬೇಡಿ.

ಅತ್ತೆ ತಲೆಯಾಡಿಸಿದರು. ಆದರೆ ಆ ತಲೆಯಾಡಿಸುವಿಕೆ ನನಗೆ ಗೊತ್ತಿತ್ತು. ಕೃಷಿ ಇಲಾಖೆಯವರು ಬಂದು ಹೇಳಿದ್ದಕ್ಕೂ ಅವರು ಹಾಗೆಯೇ ತಲೆಯಾಡಿಸಿ, ಜೀಪು ಹೋದ ಮೇಲೆ ತಮ್ಮ ಮನಸ್ಸಿಗೆ ಬಂದದ್ದನ್ನೇ ಮಾಡುತ್ತಿದ್ದರು. ಹುಳದ ವಿಷಯದಲ್ಲಿ ಅವರು ಅಷ್ಟು ವರ್ಷ ಕಣ್ಣಾರೆ ಕಂಡದ್ದು ಒಂದು ಕಡೆ, ತೋಳು ಮಡಿಸಿದ ಒಬ್ಬ ಮನುಷ್ಯನ ಮಾತು ಇನ್ನೊಂದು ಕಡೆ. ಮುಂದಿನ ಅಮಾವಾಸ್ಯೆಗೆ ಅವರು ಯಾವ ಕಡೆ ವಾಲುತ್ತಾರೆ ಎಂಬುದರಲ್ಲೇ ಎಲ್ಲ ನಿಂತಿತ್ತು. ಎಂಥ ಒಳ್ಳೆಯ ಗುಳಿಗೆ ಬಂದರೂ ಚಂಚಿಯೊಳಗೆ ಕೂತು ಅದು ಯಾರನ್ನೂ ಉಳಿಸುವುದಿಲ್ಲ.

ವಾಪಸು ಬರುವಾಗ ಗಂಡ ರೈಲಿನಲ್ಲಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರು. ವಿಕಾರಾಬಾದ್ ದಾಟಿದ ಮೇಲೆ ಎರಡೂ ಕಡೆ ತೊಗರಿ. ಅತ್ತೆ ಬೆಳೆಯನ್ನು ಓದುವವರ ಹಾಗೆ ನೋಡುತ್ತಾ ಕೂತಿದ್ದರು. ಕೆಲವು ಹೊಲಗಳಲ್ಲಿ ಸಾಲಿನ ನಡುವೆ ಕವಲಿರುವ ಕೋಲು ನೆಟ್ಟಿದ್ದರು. ಹಕ್ಕಿ ಬಂದು ಕೂರಲಿ, ಹುಳ ಹೆಕ್ಕಲಿ ಅಂತ ನೆಡುವುದು ಅದು. ಒಂದು ಕೋಲಿನ ಮೇಲೆ ಕಾಜಾಣ ಕೂತು ಬಾಲ ಆಡಿಸುತ್ತಿತ್ತು.

"ಅತ್ತಿ," ಅಂದೆ, "ಎಣ್ಣಿ ಹೊಡೀದ ಬಿಟ್ಟಾಗ ಕೀಡಿ ಯಾರು ತಿಂತಾರ್ರಿ?"

"ಯಾರ್ ತಿಂತಾರ. ಹಕ್ಕಿ ತಿಂತಾವ. ಜೇಡ ತಿಂತದ. ಎಣ್ಣಿ ಬಿಟ್ರ ಅವು ಬರ್ತಾವ, ಹೊಡದ್ರ ಅವೂ ಸಾಯ್ತಾವ. ಅದಕ್ಕೇ ಅಲ್ಲೇನು ಬಿಡುವು ಕೊಡೋದು."

"ನಿಮ್ಮ ನೆತ್ತರದಾಗ ಯಾವ ಹಕ್ಕಿ ಬರ್ತದ್ರಿ?"

ಅವರು ಕತ್ತು ಹೊರಳಿಸಿ ಹಿಂದೆ ಉಳಿದ ಆ ಕೋಲನ್ನು ನೋಡಿದರು. ರೈಲು ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತು, ಯಾರೂ ಹತ್ತದೆ ಯಾರೂ ಇಳಿಯದೆ ಮತ್ತೆ ಹೊರಟಿತು. ಎದುರಿನ ಸೀಟಿನವಳು ಶೇಂಗಾ ಸಿಪ್ಪೆಯನ್ನು ಕಾಲಿನಿಂದ ಒಟ್ಟುಗೂಡಿಸುತ್ತಿದ್ದಳು. ಆಗ ಅತ್ತೆ ಅಂದರು:

"ಹೊಲ ಇಟ್ಟು ಲೆಕ್ಕ ಹಾಕೀನಿ. ಹಕ್ಕೀನ ಲೆಕ್ಕಕ್ಕ ಹಿಡೀದ ಬಿಟ್ಟೀನಿ ನೋಡು."

ಅದಾದ ಮೇಲೆ ಅವರು ಕೇಳಿದ ಪ್ರಶ್ನೆಗಳು ನನ್ನ ಸಣ್ಣ ಅಕ್ಷರದ ಓದನ್ನೆಲ್ಲ ಖಾಲಿ ಮಾಡಿದವು. ಆ ಕಣಗಳನ್ನು ತಿನ್ನುವಂಥದ್ದು ಮೈಯೊಳಗೆ ಏನೂ ಇಲ್ಲವೇ? ಇದ್ದರೂ ಈ ರೋಗದ ಮುಂದೆ ಅದು ಸಾಲದು ಎಂದೆ. ಹಾಗಾದರೆ ಗುಳಿಗೆಯೇ ಎಣ್ಣೆ, ಗುಳಿಗೆಯೇ ಹಕ್ಕಿ, ಅಲ್ಲವೇ? ಹೌದು ಎಂದೆ. ದಿನಾ ಬರುವ ಹಕ್ಕಿ. ತಾಂಡೂರು ಬರುವಷ್ಟರಲ್ಲಿ ಅವರು ಚಂಚಿಯನ್ನು ಬಿಚ್ಚಿ, ಡಾಕ್ಟರು ತೆಗೆದುಕೊಳ್ಳದೆ ವಾಪಸು ಕೊಟ್ಟ ಹಾಳೆಗಳನ್ನು ನನ್ನ ಕೈಗಿತ್ತಿದ್ದರು. ನಿನ್ನ ಹತ್ತಿರ ಇರಲಿ, ದಿನಕ್ಕೊಂದು ನೀನೇ ಕೊಡು ಅಂದರು. ಆ ಸಲ ಅವರು ಊರಿಗೆ ಹೋಗಲಿಲ್ಲ, ನಮ್ಮ ಮನೆಯಲ್ಲೇ ಉಳಿದರು. ನಡುವೆ ಬಂದ ಅಮಾವಾಸ್ಯೆಯ ದಿನ ಮಧ್ಯಾಹ್ನ ತಾವೇ ಕೈ ಚಾಚಿದರು.

ಫಲಿತಾಂಶ ಬಂದಾಗ ಊರೆಲ್ಲ ಮುಷ್ಕರ. ನನ್ನ ಗಂಡ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ, ಹಾಗೇ ಮೆಟ್ಟಿಲ ಮೇಲೆ ಕೂತರು. ಆಕಾರ ಬದಲಾಗಿತ್ತು. ಹಳೆಯ ಗುಳಿಗೆ ಇನ್ನು ಆ ಸಂದಿಯಲ್ಲಿ ಕೂರುವುದಿಲ್ಲ. ಆದರೆ ಹೊಸದೊಂದು ಕೂರುತ್ತದೆ, ಈ ಬದಲಾದ ಆಕಾರಕ್ಕೆ ಅದು ಕೆಲಸ ಮಾಡುತ್ತದೆ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಕೆಲವು ಆಕಾರಗಳಿಗೆ ಅದೂ ನಡೆಯುವುದಿಲ್ಲವಂತೆ, ನಮ್ಮದು ಅಂಥದ್ದಲ್ಲ. ಗಂಡ ಮೊದಲ ಅರ್ಧ ಕೇಳಿ ಕೂತಿದ್ದರು, ನಾನು ಎರಡನೆಯ ಅರ್ಧ ಕೇಳಿ ಒಳಗೆ ಹೋಗಿ ಬಟ್ಟೆ ಜೋಡಿಸಿದೆ.

ಹೈದರಾಬಾದಿನಲ್ಲಿ ಅತ್ತೆಯ ಎದೆಗೆ ತಂತಿ ಹಚ್ಚಿ ಇ.ಸಿ.ಜಿ. ತೆಗೆದರು. ಹೊಸ ಗುಳಿಗೆಗೆ ಹೊಸ ಕಟ್ಟಳೆ. ದಿನಕ್ಕೆ ಎರಡು ಹೊತ್ತು, ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ. ತೆಗೆದುಕೊಳ್ಳುವ ಮುಂಚೆ ಎರಡು ತಾಸು, ಆದ ಮೇಲೆ ಒಂದು ತಾಸು ಬಾಯಿಗೆ ನೀರಲ್ಲದೆ ಏನೂ ಹಾಕಬಾರದು. ಅನ್ನದ ಜೊತೆ ಸೇರಿದರೆ ಔಷಧಿ ರಕ್ತದಲ್ಲಿ ಅತಿಯಾಗಿ ಏರಿ ಎದೆಯ ಬಡಿತ ಕೆಡಿಸಬಹುದು. ಒಂದು ತುತ್ತು ಅಂತ ಸಡಿಲ ಬಿಡಬೇಡಿ ಎಂದು ಡಾಕ್ಟರು ಅತ್ತೆಗೇ ಹೇಳಿದರು, ನಮಗಲ್ಲ. ಅತ್ತೆ ಈ ಸಲ ತಲೆಯಾಡಿಸಲಿಲ್ಲ. ಕಟ್ಟಳೆಯನ್ನು ತಿರುಗಿ ಅವರಿಗೇ ಒಪ್ಪಿಸಿದರು, ಪಾಠ ಒಪ್ಪಿಸಿದ ಹಾಗೆ. ನನ್ನ ಗಂಡ ತಮ್ಮ ಮೊಬೈಲಿನಲ್ಲಿ ಗಂಟೆ ಇಟ್ಟರು.

ನಮ್ಮ ರೈಲಿನ ಹಳಿಯ ಮೇಲೆ ಅವತ್ತು ಹೋರಾಟದವರು ಕೂತಿದ್ದರು. ಹಾಗಾಗಿ ಹೆದ್ದಾರಿ ಹಿಡಿದು, ಒಂದು ಬಾಡಿಗೆ ಜೀಪಿನಲ್ಲಿ ಜಹೀರಾಬಾದಿನ ನನ್ನ ತವರಿಗೆ ಬಂದೆವು. ಮೊದಲ ಗುಳಿಗೆಯನ್ನು ಅತ್ತೆ ಅವತ್ತು ರಾತ್ರಿ ಒಂಬತ್ತಕ್ಕೆ ಅಲ್ಲಿ ನುಂಗಿದರು. ಮರುದಿನ ಬೆಳಿಗ್ಗೆ ಬೇಗ ನನ್ನ ತಾಯಿ ಮಾಡಿದ ಉಪ್ಪಿಟ್ಟು ಎರಡು ಚಮಚ ತಿಂದು, ಅದೇ ಜೀಪಿನಲ್ಲಿ ತಾಂಡೂರಿನ ದಾರಿ ಹಿಡಿದೆವು.

ಅರ್ಧ ದಾರಿಯಲ್ಲಿ ಒಂದು ಊರಿನ ಮುಂದೆ ರಸ್ತೆಗೆ ಅಡ್ಡ ಕಲ್ಲು ಇಟ್ಟಿದ್ದರು. ರಸ್ತೆಯ ಮೇಲೇ ಒಲೆ ಹೂಡಿ, ದೊಡ್ಡ ಪಾತ್ರೆಗಳಲ್ಲಿ ಅನ್ನ, ಬೇಳೆ ಬೇಯಿಸುತ್ತಿದ್ದರು. ಆ ದಿನಗಳಲ್ಲಿ ಹೋರಾಟದ ಒಂದು ರೀತಿ ಅದು. ದಾರಿ ತಡೆದು, ಅಡುಗೆ ಮಾಡಿ, ತಾವೂ ಉಂಡು, ತಡೆದವರಿಗೂ ಬಡಿಸುವುದು. ಬೈಯುತ್ತಾ ಇಳಿದ ಲಾರಿಯವರೂ ಉಂಡು ಸುಮ್ಮನಾಗುತ್ತಿದ್ದರು. ನಮ್ಮ ಹಿಂದೆ ಮನೂರಿನ ಕಡೆಯ ಒಂದು ಶೇರ್ ಆಟೋ ನಿಂತಿತ್ತು. ಅದರಿಂದ ಇಳಿದವರು ಆಗಲೇ ಸಾಲಿನಲ್ಲಿ ಕೂತಿದ್ದರು. ಹೆಂಗಸರು ಒಂದು ಕಡೆ, ಅಡುಗೆಯ ಹೊಗೆ ಬಾರದ ಕಡೆ. ಅಲ್ಲಿ ಕೂತಾಗಲೇ ಮೊಬೈಲಿನಲ್ಲಿ ಒಂಬತ್ತರ ಗಂಟೆ ಹೊಡೆಯಿತು. ಅತ್ತೆ ಬಾಟಲಿಯ ನೀರಿನಲ್ಲಿ ಗುಳಿಗೆ ನುಂಗಿದರು. ಬಾಟಲಿಯ ಮುಚ್ಚಳ ನಾನಿನ್ನೂ ತಿರುಗಿಸುತ್ತಿದ್ದೆ, ಅವರ ಮುಂದೆ ಪತ್ರಾವಳಿ ಬಂತು. ಬಿಸಿ ಅನ್ನ, ನಡುವೆ ಗುಂಡಿ ಮಾಡಿ ಸುರಿದ ಬೇಳೆ, ಪಕ್ಕಕ್ಕೆ ಹಸಿಮೆಣಸಿನಕಾಯಿ ಚಟ್ನಿ.

ಬಡಿಸಿದ ಅನ್ನವನ್ನು ಬೇಡ ಎಂದದ್ದನ್ನು ನಾನು ಅತ್ತೆಯಲ್ಲಿ ಕಂಡಿರಲಿಲ್ಲ. ಬದುವಿನ ಜಗಳದಲ್ಲಿ ಮಾತು ಬಿಟ್ಟ ದಾಯಾದಿಯ ಮನೆಯ ಮದುವೆಯಲ್ಲೂ ಕೂತು ಉಂಡು, ಮಾತಾಡದೆ ಎದ್ದು ಬಂದವರು ಅವರು. ಅನ್ನ ಒಲ್ಲೆ ಎಂದರೆ ಮನುಷ್ಯರನ್ನೇ ಒಲ್ಲೆ ಎಂದ ಹಾಗೆ. ಅದರಲ್ಲೂ ಅದು ಹೋರಾಟದ ಅನ್ನ. ಅವರು ಎಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಇನ್ನೊಂದು ಎಲೆ ಕೇಳಿ ಅದರ ಮೇಲೆ ಮುಚ್ಚಿದರು.

ಸಾಲೆಲ್ಲ ಉಣ್ಣುತ್ತಿತ್ತು. ಮುಚ್ಚಿದ ಎಲೆ ಒಂದೇ, ಎದ್ದು ಕಾಣುತ್ತಿತ್ತು. ಗಂಡ ಹಿಂದಿನಿಂದ ಬಗ್ಗಿ, ಒಂದು ತುತ್ತು ಬಾಯಿಗೆ ಹಾಕಿಕೋ, ಮಂದಿ ನೋಡುತ್ತಿದ್ದಾರೆ ಎಂದು ಪಿಸುಗುಟ್ಟಿದರು. ಅವರಿಗೆ ಟೆಂಟಿನ ಗೆಳೆಯರೆಲ್ಲ ನೆನಪಾಗಿರಬೇಕು. ನೀ ಹೋಗಿ ಉಣ್ಣು ಎಂದು ಅತ್ತೆ ಮಗನನ್ನು ಕಳಿಸಿದರು.

ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ಬಂದಳು. ಸೆರಗು ಸೊಂಟಕ್ಕೆ ಬಿಗಿದ, ದೊಡ್ಡ ದನಿಯ ಹೆಂಗಸು. ನಮ್ಮ ಮಾತು ಕೇಳಿಸಿಕೊಂಡಿದ್ದಳೋ ಏನೋ, ಕನ್ನಡದಲ್ಲೇ ಶುರು ಮಾಡಿದಳು.

"ಯಾಕ ದೊಡ್ಡವ್ವ, ನಮ್ಮ ಅನ್ನ ಗಂಟಲದಾಗ ಇಳೀವಲ್ದೇನು? ಇಲ್ಲಾ ರಾಜ್ಯ ಬ್ಯಾಡ ಅನ್ನೋರ ಕಡೀದಾಕಿಯೇನು ನೀ?"

ಸಾಲಿನಲ್ಲಿ ಕೆಲವರು ಕೈ ನಿಲ್ಲಿಸಿದರು. ನಾನು ಹೇಳಲು ಬಾಯಿ ತೆರೆದೆ, ಅತ್ತೆ ನನ್ನ ಮೊಣಕಾಲು ಒತ್ತಿದರು. ಕ್ಯಾನ್ಸರು ಎಂಬ ಮಾತನ್ನು ಬಯಲಿನಲ್ಲಿ ಇಟ್ಟು ಕನಿಕರ ಕೇಳುವುದು ಅವರಿಗೆ ಬೇಕಾಗಿರಲಿಲ್ಲ.

"ಒಂದ್ ತಾಸು ತಡಿಯವ್ವ," ಅಂದರು. "ರಾಜ್ಯಕ್ಕ ಇಷ್ಟು ವರ್ಷ ತಡದೀರಿ, ನಾ ಉಣ್ಣಾಕ ಒಂದ್ ತಾಸು ತಡೀಬಾರ್ದೇನು? ಎಲಿ ಕೈಯಾಗೇ ಅದ. ಎಲ್ಲಿಗೂ ಓಡಿ ಹೋಗಂಗಿಲ್ಲ, ದಾರಿ ನೀವೇ ಕಟ್ಟೀರಿ."

ಮೊದಲು ನಕ್ಕದ್ದು ಆಟೋದಿಂದ ಇಳಿದ ಒಬ್ಬ ಮುದುಕಿ. ಆಮೇಲೆ ಸಾಲೇ ನಕ್ಕಿತು. ಬಡಿಸುವವಳು ಸೌಟಿನಿಂದ ಅತ್ತೆಯ ಕಡೆ ತೋರಿಸಿ, ಈಕೀನ್ನ ದಿಲ್ಲಿಗಿ ಕಳಸ್ರಿ, ಮಾತಾಡಿ ರಾಜ್ಯ ತರ್ತಾಳ ಅಂದಳು. ಅತ್ತೆ ಮುಖ ಬದಲಿಸಲಿಲ್ಲ. ಅಂಗೈಯನ್ನು ಎಲೆಯ ಮೇಲಿಟ್ಟು, ನೊಣ ಬಾರದ ಹಾಗೆ ಸೆರಗಿನ ಅಂಚು ಎಳೆದುಕೊಂಡು, ಬಿಸಿ ಅನ್ನ ತೊಡೆಗೆ ತಾಗುತ್ತಿದ್ದುದರಿಂದ ಆಗಾಗ ಕಾಲು ಬದಲಿಸುತ್ತಾ ಕೂತರು. ನಾನೂ ಉಣ್ಣಲಿಲ್ಲ. ಹಸಿವಾಗಿತ್ತು, ಆದರೂ ಹಾಗೆ ಕೂತದ್ದು ಚೆನ್ನಾಗಿತ್ತು. ಈ ಹೆಂಗಸು ಇನ್ನು ಯಾವ ಅಮಾವಾಸ್ಯೆಗೂ ಗುಳಿಗೆ ಬಿಡುವುದಿಲ್ಲ ಎಂಬುದು ನನಗೆ ಅಲ್ಲಿ, ಆ ಟಾರಿನ ಮೇಲೆ, ಖಾತ್ರಿಯಾಯಿತು. ಮುಂದೆ ರಕ್ತದ ಕಾಗದ ಏನೇ ಹೇಳಲಿ, ಕೇಳುವ ಧೈರ್ಯ ನನಗೆ ಆಗಲೇ ಬಂದಿತ್ತು.

ತಾಸು ಆದಾಗ ಅವರು ಮೇಲಿನ ಎಲೆ ತೆಗೆದು ಪಕ್ಕಕ್ಕಿಟ್ಟು, ತಣ್ಣಗಾದ ಅನ್ನವನ್ನು ಕಲಸಿ, ಒಂದು ಅಗುಳೂ ಬಿಡದೆ ಉಂಡರು. ಬಡಿಸುವವಳು ಕೇಳದೆಯೇ ಮತ್ತೊಂದು ಸೌಟು ಬೇಳೆ ತಂದು ಹಾಕಿದಳು. ಸೂರ್ಯ ನೆತ್ತಿಗೆ ಬಂದ ಮೇಲೆ ಕಲ್ಲು ಸರಿಸಿ ದಾರಿ ಬಿಟ್ಟರು.

ನನ್ನ ಅಡುಗೆಮನೆಯ ಹೊತ್ತುಗಳೆಲ್ಲ ಆ ಗುಳಿಗೆಯ ಸುತ್ತ ತಿರುಗಿಕೊಂಡವು. ಬೆಳಗಿನ ಚಹಾ ನಸುಕಿಗೆ, ಹಾಲಿನವನು ಹಾಲು ಹಾಕುವುದೂ ಆಗಲೇ. ರಾತ್ರಿಯ ಊಟ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆಲ್ಲ. ಮಕ್ಕಳು ಅಷ್ಟು ಬೇಗ ಉಂಡು ಮತ್ತೆ ಹಸಿವು ಎಂದು ಗೊಣಗುತ್ತಿದ್ದರು. ಅತ್ತೆಗೆ ಕಾಣದ ಹಾಗೆ ಅವರಿಗೆ ಅವಲಕ್ಕಿ ಕೊಡುತ್ತಿದ್ದೆ. ಕಾಣದ ಹಾಗೆ ಎಂದುಕೊಂಡದ್ದು ನಾನು ಮಾತ್ರ. ಬಾಯಿ ಆಡಿಸೋದು ಕೇಳ್ತದ, ಇಲ್ಲೇ ಕೂತು ತಿನ್ರಿ ಎಂದು ಒಳಗಿನಿಂದ ಅವರು ಹೇಳಿದ ಮೇಲೆ ಆ ಕದ್ದುಮುಚ್ಚಿ ಕೊಡುವುದು ನಿಂತಿತು. ಮೊದಲ ವಾರಗಳಲ್ಲಿ ಮೈ ತುರಿಕೆ, ತಲೆನೋವು ಇತ್ತು. ಆಮೇಲೆ ಅದೂ ಕಡಿಮೆಯಾಯಿತು.

ಕೆಲವು ತಿಂಗಳಾದ ಮೇಲೆ ಪರೀಕ್ಷೆಯ ಕಾಗದ ನೋಡಿ ಡಾಕ್ಟರು ಅದನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ರೋಗದ ಗುರುತು ಬಹಳ ಕೆಳಗೆ ಇಳಿದಿತ್ತು. ಪಕ್ಕೆಯ ಅಂಚು ಕೈಗೆ ಸಿಗುತ್ತಿರಲಿಲ್ಲ. ನನ್ನ ಗಂಡ ಕನ್ನಡಕ ತೆಗೆದು ಒರೆಸಿಕೊಂಡರು. ಅತ್ತೆ ಮಾತ್ರ ಮೂಲದ ಪ್ರಶ್ನೆಯನ್ನು ಬಿಟ್ಟಿರಲಿಲ್ಲ.

"ಮತ್ತ ಇದಕ್ಕೂ ಅವು ರೂಢಿ ಆದ್ರ?"

ಆಗಬಹುದು, ಆಗದೆಯೂ ಇರಬಹುದು ಎಂದು ಡಾಕ್ಟರು ಹೇಳಿದರು. ಆದರೆ ಬೇರೆ ಗುಳಿಗೆಗಳೂ ಇವೆ, ಇನ್ನೂ ಹೊಸವು ಬರುತ್ತಿವೆ, ಒಂದೊಂದು ಆಕಾರಕ್ಕೆ ಒಂದೊಂದು. ನಿಮ್ಮ ಕೆಲಸ ಅವಕ್ಕೆ ಮರಿ ಹಾಕಲು ಸಮಯ ಕೊಡದೆ ಇರುವುದು, ಆಮೇಲಿನದು ನಮ್ಮ ಕೆಲಸ. ಇದು ಅತ್ತೆಗೆ ನ್ಯಾಯವಾದ ಪಾಲು ಎನಿಸಿತು. ಎದ್ದು ನಿಂತು, ನಮ್ಮ ತೊಗರಿ ಬಂದಾಗ ಬೇಳೆ ತರುತ್ತೇನೆ ಎಂದರು.

ಆ ಸುಗ್ಗಿಗೆ ಅವರು ಊರಿಗೆ ವಾಪಸಾದರು. ತೊಗರಿ ಕೊಯ್ಲಿಗೆ ನಾನೂ ಮಕ್ಕಳೊಂದಿಗೆ ಹೋಗಿದ್ದೆ. ನಮ್ಮ ಕಡೆ ಕೊಯ್ಲಿನವರು ಬೆಳಗಿನ ಬುತ್ತಿಗೆ ನ್ಯಾರಿ ಅನ್ನುತ್ತಾರೆ. ಯಾವಾಗಲೂ ಒಂಬತ್ತರ ಸುಮಾರಿಗೆ ಕುಡಗೋಲು ಇಟ್ಟು ನ್ಯಾರಿಗೆ ಕೂರುವುದು ರೂಢಿ. ಮೊದಲ ದಿನ ಅವರು ಕೂತರು, ಗುಳಿಗೆ ನುಂಗಿದ ಅತ್ತೆ ಕೂರಲಿಲ್ಲ. ಒಬ್ಬರೇ ಸಾಲು ಹಿಡಿದು ಕೊಯ್ಯುತ್ತಾ ಹೋದರು. ಒಡತಿ ಕೊಯ್ಯುವಾಗ ಆಳು ಕೂತು ತಿನ್ನುವುದು ಕೊಯ್ಲಿನವರಿಗೆ ಸರಿಬರಲಿಲ್ಲ. ಎರಡನೆಯ ದಿನ ಅತ್ತೆಯ ತಾಸು ಮುಗಿಯುವ ತನಕ ಯಾರೂ ಬುತ್ತಿಯ ಗಂಟು ಬಿಚ್ಚಲಿಲ್ಲ. ನೀವು ತಿನ್ನಿ ಎಂದು ಅತ್ತೆ ಎಷ್ಟು ಹೇಳಿದರೂ ಕೇಳಲಿಲ್ಲ.

ನಾನಿದ್ದ ದಿನ, ಬಿಸಿಲು ಏರಿ, ಒಣಗಿದ ಕಾಯಿ ಕೈ ತಾಗಿದರೆ ಚಟಚಟ ಸಿಡಿಯುತ್ತಿತ್ತು. ಹೆಂಗಸರಲ್ಲಿ ಒಬ್ಬಳು ಬೆನ್ನು ನೆಟ್ಟಗೆ ಮಾಡಿ, ಅತ್ತೆಯ ಕಡೆ ನೋಡಿ, ಹೊತ್ತಾತೇನ್ರಿ ಎಂದು ಕೇಳಿದಳು. ಅತ್ತೆ ಕೊಯ್ದ ಹಿಡಿಯನ್ನು ಕೆಳಗಿಟ್ಟು, ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದರು.

"ಇನ್ನ ಆಗಿಲ್ಲ," ಅಂದರು. "ಇನ್ನೊಂದು ಸಾಲು ಆಗ್ತದ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಗ್ಗಿದಳು. ಉಳಿದವರೂ ಬಗ್ಗಿದರು. ನಾನು ಕೊಯ್ದ ಸಾಲು ಎಲ್ಲರಿಗಿಂತ ಹಿಂದೆ ಇತ್ತು.